ನೀವು ಮಾಡುತ್ತೇನೆಂದ ಆ ಫೋನು

ಮಾನ್ಯರೆ,

ನಿಮ್ಮ ಹೆಸರನ್ನಾಗಲಿ ಹುದ್ದೆಯನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಓದಿದರೆ ನಿಮಗೆ ತಿಳಿಯುತ್ತದೆ, ಆ ದಿನ ಸಭೆಗೆ ಬಂದಿದ್ದ ಅಂಕೋಲೆ ತಾಲೂಕಿನ ನಮ್ಮ ಕೇಣಿಯವರಿಗೂ ತಿಳಿಯುತ್ತದೆ. ತಲೆಗೆ ಹಸಿರು ಬಟ್ಟೆ ಸುತ್ತಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದ ಅಂಗನವಾಡಿ ಅಕ್ಕೋರು ನಾನು. ನನ್ನ ಚಿಕಿತ್ಸೆಯ ಫೈಲನ್ನು ನೀವೇ ಕೇಳಿ ಪಡೆದು ನೋಡಿದಿರಿ. "ಅಕ್ಕೋರೇ, ಮುಂದಿನ ತಿಂಗಳಿಂದ ನೀವು ಘಟ್ಟ ಹತ್ತುವುದು ಬೇಡ, ಕಿಮೊ ಕೆಳಗೇ ಕೊಡಿಸುತ್ತೇನೆ. ನಾನೇ ಫೋನ್ ಮಾಡುತ್ತೇನೆ" ಎಂದು ನನ್ನ ನಂಬರನ್ನು ನಿಮ್ಮ ಡೈರಿಯಲ್ಲಿ ಬರೆದುಕೊಂಡಿರಿ. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಆಮೇಲೆ ಮೂರು ರಿಜಿಸ್ಟರ್ ಪತ್ರ ಹಾಕಿದೆ. ಮಗ ಎರಡು ಸಲ ಕಚೇರಿಗೆ ಬಂದು, ನೀವು ಮೀಟಿಂಗಿನಲ್ಲಿದ್ದೀರೆಂದು ಕೇಳಿಕೊಂಡು ವಾಪಸಾದ. ಕಳೆದ ವಾರ ಎರಡು ಸಾಲಿನ ಉತ್ತರ ಬಂತು: ನನ್ನ ಮನವಿಯನ್ನು ಪರಿಶೀಲಿಸಿ ವಿಲೇವಾರಿ ಮಾಡಲಾಗಿದೆಯಂತೆ. ಪಂಚಾಯ್ತಿಯವರು ಕಸಕ್ಕೆ ಬಳಸುವ ಮಾತು ಅದು. ಅದನ್ನು ಓದಿದ ಮೇಲೆಯೇ ಈ ಪತ್ರ ಎಲ್ಲರೂ ಓದುವಂತೆ ಬರೆಯಬೇಕೆನಿಸಿದ್ದು.

ನನ್ನದು ಸ್ತನದ ಕ್ಯಾನ್ಸರ್, ಟ್ರಿಪಲ್ ನೆಗೆಟಿವ್ ಎಂಬ ಜಾತಿಯದು. ಬೇಗ ಬೆಳೆಯುತ್ತದೆ, ಹಾರ್ಮೋನಿನ ಮಾತ್ರೆ ಇದಕ್ಕೆ ನಾಟುವುದಿಲ್ಲ, ಕಿಮೊ ತಪ್ಪಿಸುವ ಹಾಗಿಲ್ಲ. ಮೊದಲು 21 ದಿನಕ್ಕೊಂದರಂತೆ ನಾಲ್ಕು ಸಲ ಕೆಂಪು ಔಷಧ. ಏರಿಸಿದ ದಿನ ಮೂತ್ರವೂ ಕೆಂಪಗೆ ಹೋಗುತ್ತದೆ. ಈಗ ವಾರಕ್ಕೊಂದರಂತೆ 12 ಸಲ ಪ್ಯಾಕ್ಲಿಟ್ಯಾಕ್ಸೆಲ್. ಅದರಲ್ಲಿ ಏಳು ಮುಗಿದಿವೆ.

ಹುಟ್ಟಿದಾಗಿಂದ ಒಣಮೀನಿನ ವಾಸನೆಯಲ್ಲೇ ಬೆಳೆದವಳು ನಾನು. ಈಗ ಕಡಲ ಕಡೆಯಿಂದ ಗಾಳಿ ಬೀಸಿದರೆ ಕಿಟಕಿ ಹಾಕಿಸುತ್ತೇನೆ. ಬಾಯಿ ತುಂಬ ಹುಣ್ಣೆದ್ದು ಉಪ್ಪು ಹಾಕಿದ ಗಂಜಿ ತೆಳಿಯೂ ಉರಿಯುತ್ತದೆ, ಬಂಗಡೆ ಸಾರಂತೂ ದೂರದ ಮಾತು. ಬೆರಳ ತುದಿಗೆ ಜೋಮು ಹಿಡಿದು ಅಬ್ಬಲಿಗೆ ದಂಡೆ ಕಟ್ಟಲು ಬರುವುದಿಲ್ಲ. ಮುಡಿಯಲು ಕೂದಲಿಲ್ಲವಲ್ಲ ಎಂದು ಸುಮ್ಮನಾದರೂ, ಮೊಮ್ಮಗಳ ಫ್ರಾಕಿನ ಗುಂಡಿ ಹಾಕಲಾಗದ ದಿನ ಅತ್ತೆ. ಕೆಂಪು ಔಷಧದ ಮರುದಿನ ಚುಚ್ಚಿಸಿಕೊಳ್ಳುವ, ಬಿಳಿ ರಕ್ತಕಣ ಏರಿಸುವ ಇಂಜೆಕ್ಷನ್ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು, ಹೆಪ್ಪುಗಟ್ಟಲೂಬಾರದು. ಊರಿನಲ್ಲಿ ಐಸಿಗೆ ಬರವಿಲ್ಲ, ಆದರೆ ಮೀನಿನ ಪೆಟ್ಟಿಗೆಯಲ್ಲಿ ಅದನ್ನಿಡುವಂತಿಲ್ಲ. ನೆರೆಮನೆಯ ಫ್ರಿಜ್ಜಿನಲ್ಲಿಟ್ಟು, ಮಳೆಗೆ ಕರೆಂಟು ಹೋದಾಗಲೆಲ್ಲ ಜೀವ ಕೈಯಲ್ಲಿ ಹಿಡಿದು ಕೂತಿದ್ದೇವೆ.

ಇದು ರೋಗದ ಪಾಡು, ಇದಕ್ಕೆ ನಿಮ್ಮನ್ನು ದೂರುವುದಿಲ್ಲ. ರಸ್ತೆಯ ಪಾಡಿಗೆ ದೂರುತ್ತೇನೆ. ಅಂಕೋಲೆಯಿಂದ ಕಿಮೊ ಕೊಡುವ ಹುಬ್ಬಳ್ಳಿಗೆ ಸುಮಾರು 130 ಕಿಲೋಮೀಟರು. ಶಕ್ತಿ ಯೋಜನೆಯಿಂದ ನನ್ನ ಟಿಕೆಟು ಉಚಿತ, ಅದಕ್ಕೆ ಮನಸಾರೆ ಕೃತಜ್ಞಳು. ಆದರೆ ಅರಬೈಲ್ ಘಟ್ಟದ ತಿರುವಿನಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ಬಾಯಿಟ್ಟು ಕೂತವಳ ಪಕ್ಕದಿಂದ ಜನ ಎದ್ದು ಹೋಗುತ್ತಾರೆ. ಹುಬ್ಬಳ್ಳಿ ಮುಟ್ಟಿದರೆ ಮೊದಲು ರಕ್ತಪರೀಕ್ಷೆ. ಒಮ್ಮೆ ಕಣ ಕಡಿಮೆಯಿದೆಯೆಂದು ಹಾಗೇ ವಾಪಸು ಕಳಿಸಿದರು. ಆ ದಿನವೂ ಸೇರಿ ಕಿಮೊಗೆಂದೇ 12 ಸಲ ಹೋಗಿ ಬಂದಿದ್ದೇನೆ. ಮೂರು ಸಾವಿರ ಕಿಲೋಮೀಟರು ದಾಟಿತು. ನಿಮ್ಮ ಫೋನು ಬಂದಿದ್ದರೆ ಇದರಲ್ಲಿ ಹತ್ತು ಪ್ರಯಾಣ ಉಳಿಯುತ್ತಿತ್ತು.

ಮೂರನೆಯ ಕಿಮೊ ಆಗಿ ಹತ್ತನೆಯ ರಾತ್ರಿ 101 ಡಿಗ್ರಿ ಜ್ವರ. ಬಿಳಿ ಕಣ ಕುಸಿದಾಗ ಜ್ವರ ಬಂದರೆ ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಆಂಟಿಬಯಾಟಿಕ್ ಬೀಳಬೇಕೆಂದು ಹೇಳಿ ಕಳಿಸಿದ್ದರು. ಹತ್ತಿರದ ಒಂದು ಆಸ್ಪತ್ರೆಯ ಬಾಗಿಲಲ್ಲಿ "ಕ್ಯಾನ್ಸರ್ ಕೇಸಾ? ಹುಬ್ಬಳ್ಳಿಗೇ ಹೋಗಿ" ಎಂದರು. ಒಂದು ಬಾಟಲಿಯನ್ನೂ ಹಾಕಲಿಲ್ಲ. ಲಾರಿ ಸಾಲಿನ ಹಿಂದೆ ಘಟ್ಟ ಹತ್ತಿ, ಆಂಟಿಬಯಾಟಿಕ್ ಮೈಗೆ ಸೇರುವಾಗ ಐದು ಗಂಟೆ ಕಳೆದಿತ್ತು. ಆ ಐದು ಗಂಟೆಯೂ ಮಗ ನನ್ನ ಫೋನು ಕೈಯಲ್ಲಿ ಹಿಡಿದಿದ್ದ, ನಿಮ್ಮ ಕಚೇರಿಗೆ ಹಚ್ಚುತ್ತಿದ್ದ. ರಾತ್ರಿ ಯಾರು ಎತ್ತುತ್ತಾರೆ?

ಬೇಲೆಕೇರಿ ಕಡೆಯ ಒಬ್ಬಳು ನನ್ನ ಜೊತೆಗೇ ಕಿಮೊ ಶುರು ಮಾಡಿದವಳು. ಮೂರಕ್ಕೆ ಬಿಟ್ಟಳು. "ಸೂಜಿಗೆ ಹೆದರಿಕೆ ಇಲ್ಲ ಅಕ್ಕೋರೇ, ಬಸ್ಸಿಗೆ" ಎಂದಿದ್ದಳು. ಈಗ ಅವಳಿಲ್ಲ. ಅವಳ ಮನವಿಯೂ ವಿಲೇವಾರಿಯಾಯಿತೆಂದು ಬರೆದುಕೊಳ್ಳಿ.

ಒಮ್ಮೆ ಡಾಕ್ಟರು ಔಷಧ, ಪ್ರಮಾಣ ಗೊತ್ತು ಮಾಡಿಕೊಟ್ಟ ಮೇಲೆ ವಾರದ ಕಿಮೊ ಕೊಡಲು ದೊಡ್ಡ ಕಟ್ಟಡ ಬೇಡ. ನಾಲ್ಕು ಕುರ್ಚಿ, ತರಬೇತಾದ ನರ್ಸು, ಮೇಲೆ ಕಣ್ಣಿಡುವ ಒಬ್ಬ ಡಾಕ್ಟರು ಬೇಕು. ಜಿಲ್ಲಾ ಆಸ್ಪತ್ರೆಗಳಲ್ಲೆಲ್ಲ ಮೂರು ವರ್ಷದೊಳಗೆ ಡೇ ಕೇರ್ ಕ್ಯಾನ್ಸರ್ ಕೇಂದ್ರ, ಮೊದಲ ವರ್ಷವೇ 200 ಎಂದು 2025ರ ಫೆಬ್ರವರಿ 1ರ ಕೇಂದ್ರ ಬಜೆಟ್ಟಿನಲ್ಲೇ ಓದಿದ್ದಾರೆ. ನಾನು ಕೇಳುತ್ತಿರುವುದು ಹೊಸದೇನೂ ಅಲ್ಲ. ಅಂಥ ಕುರ್ಚಿಯೊಂದು ಘಟ್ಟದ ಕೆಳಗೆ ನನಗೆ ಯಾವಾಗ ಸಿಗುತ್ತದೆ? ಜ್ವರ ಬಂದ ಕಿಮೊ ರೋಗಿಗೆ ಮೊದಲ ಇಂಜೆಕ್ಷನ್ ಕೊಡದೆ ಮುಂದೆ ಸಾಗಹಾಕಬಾರದೆಂದು ತಾಲೂಕು ಆಸ್ಪತ್ರೆಗಳಿಗೆ ಲಿಖಿತ ಆದೇಶ ಯಾವಾಗ ಹೋಗುತ್ತದೆ?

ಇಷ್ಟನ್ನೇ ಬರೆದು ಮುಗಿಸಬೇಕೆಂದಿದ್ದೆ, ಆಗುತ್ತಿಲ್ಲ. ಕದ್ರಾದಲ್ಲಿ ಅಣೆಕಟ್ಟು ಬೇಕೆಂದಾಗ ಈ ಜಿಲ್ಲೆ ಜಾಗ ಕೊಟ್ಟಿತು. ಕೈಗಾದ ಅಣುಸ್ಥಾವರಕ್ಕೆ ಕೊಟ್ಟಿತು, ಸೀಬರ್ಡ್ ನೌಕಾನೆಲೆಗೆ ಕೊಟ್ಟಿತು. ಈಗ ನಮ್ಮ ಕೇಣಿಯ ಕಡಲಿಗೇ 4,119 ಕೋಟಿ ರೂಪಾಯಿಯ ಬಂದರು ಎನ್ನುತ್ತಾರೆ. ಬದಲಿಗೆ ನಾವು ಕೇಳಿದ್ದು ಒಂದು ಆಸ್ಪತ್ರೆ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸು ಬೈಂದೂರಿನ ಶಿರೂರು ಟೋಲಿನಲ್ಲಿ ಮಗುಚಿ ನಾಲ್ವರು ಸತ್ತರು. ಇಡೀ ಜಿಲ್ಲೆ ಆಸ್ಪತ್ರೆ ಕೊಡಿ ಎಂದು ಕೂಗಿತು. 2024ರ ಜುಲೈ 16ರಂದು ನಮ್ಮದೇ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿತು. ಅಂಥ ದಿನ ಕಿಮೊ ಇದ್ದವರು ಎಲ್ಲಿಗೆ ಹೋಗಬೇಕು? ಇದನ್ನು ನಿಮ್ಮಲ್ಲಿ ಯಾರಾದರೂ ಒಮ್ಮೆ ಕೂತು ಯೋಚಿಸಿದ್ದೀರಾ? ಭೂಮಿ ಅಳೆಯಲು ಬರುವ ಅಧಿಕಾರಿಗಳಿಗೆ ನಮ್ಮ ಮನೆಯ ಬಾಗಿಲು ಗೊತ್ತಾಗುತ್ತದೆ, ಫೋನ್ ನಂಬರೂ ಸಿಗುತ್ತದೆ.

ನನ್ನ ನಂಬರ್ ಬದಲಾಗಿಲ್ಲ. ನಿಮ್ಮ ಡೈರಿ ಕಳೆದಿದ್ದರೆ ಮೂರು ಪತ್ರದ ಕೆಳಗೂ ಬರೆದಿದೆ. ಇನ್ನು ಐದು ಕಿಮೊ ಬಾಕಿ. ಮಂಗಳವಾರ ಬೆಳಿಗ್ಗೆ ಆರಕ್ಕೆ ಅಂಕೋಲೆ ಬಸ್‌ಸ್ಟ್ಯಾಂಡಿನಲ್ಲಿರುತ್ತೇನೆ. ಅದಕ್ಕೆ ಮೊದಲು ಆ ಫೋನು ಮಾಡಿ.

ಇತಿ,
ಕೇಣಿಯ ಅಂಗನವಾಡಿ ಅಕ್ಕೋರು