ಯಾವ ರೈಫಲ್ ಉತ್ತಮ? — ಶ್ರಾವಕನಿಗೆ ಸಲ್ಲದ ಪ್ರಶ್ನೆ

ಪ್ರಶ್ನೆಗಳಲ್ಲಿ ಎರಡು ಬಗೆ. ಕೆಲವಕ್ಕೆ ಉತ್ತರ ಹುಡುಕಬೇಕು; ಕೆಲವನ್ನು ಕೇಳುವುದನ್ನೇ ಬಿಡಬೇಕು. ನಮ್ಮ ಸಮಾಜದ ಅನುಕೂಲಸ್ಥ ಮನೆತನಗಳಲ್ಲಿ ಈಚೆಗೆ ಕೇಳಿಬರುತ್ತಿರುವ ಒಂದು ಪ್ರಶ್ನೆ ಈ ಎರಡನೆಯ ಬಗೆಗೆ ಸೇರಿದ್ದೆಂಬುದು ನನ್ನ ನಿಶ್ಚಿತ ಅಭಿಪ್ರಾಯ.

ಶಿವಾಜಿನಗರ, ಹಲಸೂರು, ಇಂದಿರಾನಗರ, ಕೆ.ಆರ್. ಪುರದ ಕಡೆಗಳಲ್ಲಿ ನೆಲೆಸಿರುವ ನಮ್ಮ ವರ್ತಕರಲ್ಲಿ ಹಲವರು ಹೊಸಕೋಟೆ, ಮಾಲೂರು, ಕೋಲಾರದ ದಿಕ್ಕಿನಲ್ಲಿ ತೋಟ ಕೊಂಡಿದ್ದಾರೆ. ಕೆಲವರಿಗೆ ಚಿಕ್ಕಮಗಳೂರು, ಸಕಲೇಶಪುರದ ಕಡೆ ಕಾಫಿ ತೋಟಗಳಿವೆ. ತೋಟವೆಂದ ಮೇಲೆ ಕಾಡುಹಂದಿ ಬರುತ್ತದೆ, ಕೋತಿ ಬರುತ್ತದೆ, ಕಾಡಿನ ಅಂಚಾದರೆ ಜಿಂಕೆಯೂ ಬರುತ್ತದೆ. ಆಗ ತರುಣರು ಮದುವೆಮನೆಯ ಪಂಕ್ತಿಯಲ್ಲಿಯೂ ಬಸದಿಯ ಅಂಗಳದಲ್ಲಿಯೂ ಮಾತು ತೆಗೆಯುತ್ತಾರೆ: "ಜಿಂಕೆಗೂ ಹಂದಿಗೂ ಯಾವ ಬೋಲ್ಟ್-ಆಕ್ಷನ್ ರೈಫಲ್ ಒಳ್ಳೆಯದು? .315 ಸಾಕೇ, .30-06 ಬೇಕೇ?" ಹಿರಿಯರು ನಕ್ಕು ಸುಮ್ಮನಾಗುತ್ತಾರೆ. ಇನ್ನೂ ಕೆಲವರು ತಮಗೆ ಗೊತ್ತಿದ್ದಷ್ಟು ಸಲಹೆಯನ್ನೂ ಕೊಡುತ್ತಾರೆ. ಈ ನಗೆ ಮತ್ತು ಸಲಹೆ ಎರಡನ್ನೂ ವಿರೋಧಿಸಿ ಈ ಲೇಖನ.

ಕಾನೂನಿನ ಮಾತು

ಧರ್ಮದ ವಿಚಾರಕ್ಕೆ ಬರುವ ಮುನ್ನ ಕಾನೂನನ್ನು ನೋಡೋಣ. ವ್ಯಾಪಾರಿಗಳಾದ ನಮಗೆ ಅದು ಬೇಗ ಮನವರಿಕೆಯಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಾಗ ಕೆಲವು ವರ್ಗದ ಪ್ರಾಣಿಗಳನ್ನು ಪರವಾನಗಿ ಪಡೆದು ಬೇಟೆಯಾಡುವ ಅವಕಾಶ ಉಳಿದಿತ್ತು. 1991ರ ತಿದ್ದುಪಡಿ ಆ ಪರವಾನಗಿ ಪದ್ಧತಿಯನ್ನೇ ತೆಗೆದುಹಾಕಿತು. ಆದುದರಿಂದ "ಜಿಂಕೆಯ ಬೇಟೆಗೆ ತಕ್ಕ ರೈಫಲ್" ಎಂಬ ಮಾತಿಗೆ ಈ ದೇಶದಲ್ಲಿ ಅರ್ಥವೇ ಇಲ್ಲ. ಪ್ರಾಣಿಯೊಂದು ಮನುಷ್ಯರಿಗೋ ನಿಂತ ಬೆಳೆಗೋ ಅಪಾಯಕಾರಿಯಾದರೆ, ಅಧಿಕಾರವುಳ್ಳ ವನ್ಯಜೀವಿ ಅಧಿಕಾರಿಯು ಕಾರಣಸಹಿತ ಲಿಖಿತ ಆದೇಶ ಕೊಡಬಹುದೆಂದು ಕಾಯಿದೆಯ 11ನೆಯ ಕಲಮು ಹೇಳುತ್ತದೆ. ಪ್ರಾಣರಕ್ಷಣೆಗಾಗಿ ಸದ್ಭಾವನೆಯಿಂದ ಮಾಡಿದ ಕೊಲೆ ಅಪರಾಧವಲ್ಲವೆಂದೂ ಅದೇ ಕಲಮು ಒಪ್ಪುತ್ತದೆ. ಇವೆರಡೂ ಆಪತ್ಕಾಲದ ಬಾಗಿಲುಗಳು, ವಿನೋದಕ್ಕೆ ತೆರೆದವಲ್ಲ.

1959ರ ಶಸ್ತ್ರಾಸ್ತ್ರ ಕಾಯಿದೆಯ 13ನೆಯ ಕಲಮು ಬೆಳೆ ರಕ್ಷಣೆಯ ಸಂದರ್ಭದಲ್ಲಿ ಹೆಸರಿಸುವುದು ನಳಿಗೆಯ ಬಾಯಿಯಿಂದ ಮದ್ದು ತುಂಬುವ, ಮಲೆನಾಡಿನವರು ಕೇಪಿನ ಕೋವಿ ಎಂದು ಕರೆಯುವ ಬಂದೂಕನ್ನು. ಸದ್ದು ಮಾಡಿ ಹಂದಿಯನ್ನು ಓಡಿಸಲು ಅಷ್ಟು ಧಾರಾಳ. ನಾನೂರು ಗಜ ದೂರದ ಪ್ರಾಣಿಯನ್ನು ದೂರದರ್ಶಕದಲ್ಲಿ ಹಿಡಿದು ಕೆಡಹುವ ಆಯುಧಕ್ಕೂ ರಾಗಿ ಹೊಲದ ಕಾವಲಿಗೂ ಏನು ಸಂಬಂಧ? ಕೊಡಗಿನ ಉದಾಹರಣೆಯನ್ನು ಕೆಲವರು ಮುಂದಿಡುತ್ತಾರೆ. ಕೊಡವ ಬಂಧುಗಳಿಗೂ ಜಮ್ಮಾ ಹಿಡುವಳಿದಾರರಿಗೂ ಇರುವುದು ಬಂದೂಕಿನ ಪರವಾನಗಿಯಿಂದ ವಿನಾಯಿತಿ. ಬೇಟೆಯ ನಿಷೇಧದಿಂದ ಅಲ್ಲ. ಕೈಲ್‌ಪೋದಿನಂದು ಕೋವಿಯನ್ನು ಪೂಜಿಸುವ ಅವರ ಪರಂಪರೆಯನ್ನು ನಮ್ಮ ಚಾಪಲ್ಯಕ್ಕೆ ಸಾಕ್ಷಿಯಾಗಿ ಎಳೆದು ತರುವುದು ಅವರಿಗೂ ಅನ್ಯಾಯ.

"ನೋವಿಲ್ಲದ ಸಾವು" ಎಂಬ ವಾದ

ಈ ಬಗೆಯ ರೈಫಲನ್ನು ಹೊಗಳುವವರ ಮುಖ್ಯ ವಾದ ಅದರ ನಿಖರತೆ. ಹಿಡಿಯನ್ನು ತಿರುಗಿಸಿ ಹಿಂದಕ್ಕೆಳೆದರೆ ಖಾಲಿ ತೋಟೆ ಹೊರಬೀಳುತ್ತದೆ. ಮುಂದಕ್ಕೆ ದೂಡಿ ಮಡಿಸಿದರೆ ಹೊಸ ತೋಟೆ ನಳಿಗೆಯ ಬುಡಕ್ಕೆ ಸೇರಿ ಉಕ್ಕಿನ ಅಗುಳಿ ಬಿದ್ದಂತೆ ಭದ್ರವಾಗುತ್ತದೆ. ಜರ್ಮನಿಯ ಮೌಸರ್ 1898ರಲ್ಲಿ ಪಕ್ವಗೊಳಿಸಿದ ಈ ವಿನ್ಯಾಸವನ್ನೇ ಇಂದಿಗೂ ಬಹುಪಾಲು ಬೇಟೆಯ ರೈಫಲ್‌ಗಳು ಅನುಸರಿಸುತ್ತವೆ. ಜಿಮ್ ಕಾರ್ಬೆಟ್ ಅವರ ಪ್ರಸಿದ್ಧ .275 ರಿಗ್ಬಿ ಇದೇ ಜಾತಿಯದು. ಬಂಗಾಳದ ಇಛಾಪುರದ ಸರ್ಕಾರಿ ಕಾರ್ಖಾನೆ ನಾಗರಿಕರಿಗಾಗಿ ತಯಾರಿಸಿದ .315 ಕೂಡ ಬೋಲ್ಟಿನದೇ; ಸೈನ್ಯದ .303 ತೋಟೆ ಸಾರ್ವಜನಿಕರ ಕೈಗೆ ಸಿಗಬಾರದೆಂಬ ಬ್ರಿಟಿಷರ ಎಚ್ಚರಿಕೆಯಿಂದ ಇಲ್ಲಿ ಬೇರೆ ಅಳತೆಯ ತೋಟೆ ಬಳಕೆಗೆ ಬಂತು. ಯಂತ್ರವಾಗಿ ಇದು ಮೆಚ್ಚತಕ್ಕದ್ದೇ. "ಆದುದರಿಂದ ಒಂದೇ ಗುಂಡಿಗೆ ನೋವಿಲ್ಲದ ಸಾವು, ಇದೂ ಒಂದು ದಯೆ" ಎಂದು ಮುಂದುವರಿಯುತ್ತದಲ್ಲ, ತಕರಾರು ಅಲ್ಲಿ.

ಕನ್ನಡ ಜೈನರಿಗೆ ಇದಕ್ಕೆ ಉತ್ತರವನ್ನು ಹೊರಗಿನಿಂದ ತರಬೇಕಾಗಿಲ್ಲ. ಕವಿ ಜನ್ನನ 'ಯಶೋಧರ ಚರಿತೆ' ನಮ್ಮ ಮನೆಮನೆಯ ಗ್ರಂಥ. ಯಶೋಧರನು ತಾಯಿಯ ಮಾತಿಗೆ ಮಣಿದು ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಅಲ್ಲಿ ನೋವೂ ಇರಲಿಲ್ಲ, ರಕ್ತವೂ ಇರಲಿಲ್ಲ. ಕೊಲ್ಲುವ ಸಂಕಲ್ಪ ಮಾತ್ರ ಇತ್ತು. ಅದೊಂದೇ ತಾಯಿಮಗನನ್ನು ಜನ್ಮಜನ್ಮಾಂತರಗಳ ತಿರ್ಯಗ್ಗತಿಗೆ ನೂಕಿತು. ಆ ಅಲೆದಾಟದ ಕೊನೆಯಲ್ಲಿ ಅವರು ಕೋಳಿಗಳಾಗಿದ್ದಾಗ ಕೊಂದವನು ಯಾರು? ಯಶೋಧರನ ಮಗನಾದ ಯಶೋಮತಿಯೇ. ರಾಣಿಯ ಎದುರು ತನ್ನ ಶಬ್ದವೇಧಿ ವಿದ್ಯೆಯನ್ನು ಮೆರೆಯಲು, ಕೂಗಿದ ದನಿಯನ್ನು ಹಿಡಿದು ಬಾಣ ಬಿಟ್ಟ. ಗುರಿ ತಪ್ಪಲಿಲ್ಲ, ಸಾವು ಕ್ಷಣದಲ್ಲಿ ಬಂತು. ಆ ನಿಖರತೆಯನ್ನು ದಯೆಯೆಂದು ಯಾವ ಓದುಗನಾದರೂ ಕರೆದಾನೆಯೇ? ಅವನು ಕೊಂದದ್ದು ತನ್ನ ತಂದೆಯನ್ನೂ ಅಜ್ಜಿಯನ್ನೂ. ಗುರಿಕಾರನಿಗೆ ಗುರಿ ಮಾತ್ರ ಕಾಣುತ್ತದೆ. ಗುರಿಯ ಜಾಗದಲ್ಲಿ ಇರುವ ಜೀವ ಕಾಣುವುದಿಲ್ಲ. ದೂರದರ್ಶಕ ಕಣ್ಣಿಗೆ ಪ್ರಾಣಿಯನ್ನು ಹತ್ತಿರ ತರುತ್ತದೆಯೇ ಹೊರತು ಹೃದಯಕ್ಕೆ ತರುವುದಿಲ್ಲ.

ಇನ್ನು ವ್ಯವಹಾರದ ಮಾತು. ಅತ್ಯಂತ ಚಿಕ್ಕದಾದ .22ರ ಗುಂಡೂ ಒಂದು ಮೈಲಿಗೂ ಮಿಗಿಲಾಗಿ ಹೋಗಬಲ್ಲದು. ದೊಡ್ಡ ರೈಫಲಿನ ಗುಂಡು ಅದಕ್ಕಿಂತ ಬಹುದೂರ ಹೋಗುತ್ತದೆ. ಮಾಲೂರಿನಂತಹ ದಟ್ಟ ಜನವಸತಿಯ ಸೀಮೆಯಲ್ಲಿ ಗುರಿ ತಪ್ಪಿದ ಗುಂಡು ಯಾರ ಹೊಲದಲ್ಲಿ, ಯಾರ ಮಗುವಿನ ಬಳಿ ಬೀಳುತ್ತದೆ?

"ಉಪದ್ರವಿ" ಎಂಬ ಹೆಸರು

ಹಂದಿಯನ್ನೂ ಕೋತಿಯನ್ನೂ "ಉಪದ್ರವಿ ಪ್ರಾಣಿ" ಎಂದು ಹೆಸರಿಸಿದೊಡನೆ ಅವನ್ನು ಕೊಲ್ಲುವುದು ಸುಲಭವಾಗುತ್ತದೆ. ಹೆಸರು ಬರುವುದು ಲೇಖನಿಯ ತುದಿಯಿಂದ. ಹಿಂದೆ ಕಾಯಿದೆಯ ಐದನೆಯ ಪರಿಶಿಷ್ಟದಲ್ಲಿ ಕಾಗೆ, ಹಣ್ಣು ತಿನ್ನುವ ಬಾವಲಿ, ಇಲಿ ಹೆಗ್ಗಣಗಳಿಗೆ ಆ ಹೆಸರಿತ್ತು. 2022ರಲ್ಲಿ ಅಂಗೀಕೃತವಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಆ ಪಟ್ಟಿಯೇ ಹೋಯಿತು. ಆದರೆ 62ನೆಯ ಕಲಮಿನಂತೆ ಕೇಂದ್ರ ಸರ್ಕಾರ ಗೊತ್ತುಪಡಿಸಿದ ಪ್ರದೇಶಕ್ಕೂ ಅವಧಿಗೂ ಹಾಗೆ ಘೋಷಿಸಬಹುದು. 2015ರಲ್ಲಿ ಬಿಹಾರದ ನೀಲಗಾಯ್‌ಗೂ ಕಾಡುಹಂದಿಗೂ, 2016ರಲ್ಲಿ ಉತ್ತರಾಖಂಡದ ಕಾಡುಹಂದಿಗೂ ಹಿಮಾಚಲದ ಕೋತಿಗೂ ಈ ಹೆಸರು ಅಂಟಿತು. 2016ರ ಜೂನ್‌ನಲ್ಲಿ ಬಿಹಾರದ ಮೊಕಾಮಾದಲ್ಲಿ ಹೈದರಾಬಾದಿನಿಂದ ಕರೆಸಿದ ಗುರಿಕಾರರು ಕೆಲವೇ ದಿನಗಳಲ್ಲಿ ಇನ್ನೂರಕ್ಕೂ ಹೆಚ್ಚು ನೀಲಗಾಯ್‌ಗಳನ್ನು ಉರುಳಿಸಿದರು. ನಿನ್ನೆಯವರೆಗೆ ರಕ್ಷಿತವಾಗಿದ್ದ ಪ್ರಾಣಿಯ ಸ್ವಭಾವವೇನೂ ಬದಲಾಗಿರಲಿಲ್ಲ, ಬದಲಾದದ್ದು ಕಾಗದ.

ಆಚಾರ್ಯ ಅಮೃತಚಂದ್ರರು ಸಾವಿರ ವರ್ಷಗಳ ಹಿಂದೆಯೇ 'ಪುರುಷಾರ್ಥಸಿದ್ಧ್ಯುಪಾಯ'ದಲ್ಲಿ ಈ ವಾದವನ್ನು ಎದುರಿಸಿದ್ದಾರೆ. ಹಿಂಸಕ ಪ್ರಾಣಿಯೊಂದನ್ನು ಕೊಂದರೆ ಅನೇಕ ಜೀವಗಳು ಉಳಿಯುತ್ತವೆಂದು ಭಾವಿಸಿ ಕೊಲ್ಲಬಾರದು. ದುಃಖದಲ್ಲಿರುವ ಜೀವಿಯನ್ನು ಬಿಡುಗಡೆಗೊಳಿಸುವ ನೆಪದಿಂದಲೂ ಕೊಲ್ಲಬಾರದು — ಇದು ಅವರ ಅಭಿಪ್ರಾಯದ ಸಾರ. ಹುಲಿ ಸಿಂಹಗಳ ವಿಷಯದಲ್ಲಿಯೇ ಸಲ್ಲದ ವಾದ ಗೆಣಸು ಅಗೆದು ತಿನ್ನುವ ಹಂದಿಯ ವಿಷಯದಲ್ಲಿ ಹೇಗೆ ಸಂದೀತು? ಹಂದಿಯೂ ಜಿಂಕೆಯೂ ಪಂಚೇಂದ್ರಿಯ ಜೀವಿಗಳು. ಬಸದಿಯಲ್ಲಿ ಕೈಮುಗಿದು ನಿಂತಾಗ ತುಸು ಕೆಳಗೆ, ಪೀಠದತ್ತ ನೋಡಿರಿ: ಹದಿನಾರನೆಯ ತೀರ್ಥಂಕರರಾದ ಶಾಂತಿನಾಥಸ್ವಾಮಿಯ ಲಾಂಛನ ಜಿಂಕೆ, ಹದಿಮೂರನೆಯ ವಿಮಲನಾಥಸ್ವಾಮಿಯ ಲಾಂಛನ ವರಾಹ. ಬೆಳಿಗ್ಗೆ ಅಭಿಷೇಕದ ಗಂಧೋದಕವನ್ನು ತಲೆಗೆ ಹಚ್ಚಿಕೊಂಡು ಸಂಜೆ ಅದೇ ಜೀವಗಳಿಗೆ ತಕ್ಕ ಗುಂಡಿನ ತೂಕವನ್ನು ಚರ್ಚಿಸುವುದು ಎಂತಹ ಶ್ರಾವಕತ್ವ?

ಐದು ಅನರ್ಥದಂಡಗಳು

"ನಾನು ಕೊಲ್ಲುವುದಿಲ್ಲ, ಕೇಳಿದವನಿಗೆ ಹೇಳಿದೆ ಅಷ್ಟೆ" ಎನ್ನುವವರಿಗಾಗಿ ಸಮಂತಭದ್ರಾಚಾರ್ಯರು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಐದು ಬಗೆಯ ಅನರ್ಥದಂಡಗಳನ್ನು ವಿಂಗಡಿಸಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಇವನ್ನು ಒಂದೊಂದಾಗಿ ನಮ್ಮ ಪ್ರಶ್ನೆಗೆ ಹಚ್ಚಿ ನೋಡಿದರೆ ಆಶ್ಚರ್ಯವಾಗುತ್ತದೆ. ಯಾವ ರೈಫಲ್ ಕೊಳ್ಳಬೇಕೆಂದು ಹೇಳುವುದು ಪಾಪೋಪದೇಶ. ತನ್ನದನ್ನು ಎರವಲು ಕೊಡುವುದು ಹಿಂಸಾದಾನ. ಜಿಂಕೆ ಬೀಳುವುದನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳುವುದು ಅಪಧ್ಯಾನ. ಬೇಟೆಯ ಕಥೆಗಳನ್ನು ಬಾಯಿ ಚಪ್ಪರಿಸಿ ಕೇಳುವುದು ದುಃಶ್ರುತಿ. ರಾತ್ರಿ ಜೀಪಿನಲ್ಲಿ ದೀಪ ಬೀರುತ್ತ ನಿಷ್ಕಾರಣವಾಗಿ ಅಲೆಯುವುದು ಪ್ರಮಾದಚರ್ಯೆ. ಗುಂಡು ಹಾರುವ ಮೊದಲೇ ಐದೂ ಪೂರ್ತಿಯಾದವು!

ದುಃಶ್ರುತಿಯ ಬಗ್ಗೆ ಒಂದು ಮಾತು. ಕಂಟೋನ್ಮೆಂಟ್ 1809ರಲ್ಲಿ ನೆಲೆಗೊಂಡಂದಿನಿಂದ ಈ ಭಾಗಕ್ಕೆ ಶಿಕಾರಿಯ ಗಾಳಿ ಸೋಕಿದೆ. ಬೆಂಗಳೂರಿನವರೇ ಆದ ಕೆನೆತ್ ಆಂಡರ್ಸನ್ (1910–1974) ಬರೆದ ಕಾಡಿನ ಕಥೆಗಳು ಪೂರ್ಣಚಂದ್ರ ತೇಜಸ್ವಿಯವರ ಮೂಲಕ ಕನ್ನಡದ ಮನೆಗಳಿಗೂ ಬಂದಿವೆ. ಅವನ್ನು ಓದಬಾರದೆಂದು ನಾನು ಹೇಳುವುದಿಲ್ಲ. ನರಭಕ್ಷಕ ಹುಲಿಯಿಂದ ಹಳ್ಳಿಯನ್ನು ಉಳಿಸಿದ ಕಥೆಯನ್ನು ಓದಿ, ಹುಲ್ಲು ಮೇಯುವ ಜಿಂಕೆಗೆ ಗುರಿಯಿಡುವ ಆಸೆಯನ್ನು ಕಲಿಯಬಾರದು ಎನ್ನುತ್ತೇನೆ. ಕಾರ್ಬೆಟ್ ಅವರೂ ಕೊನೆಗೆ ಕ್ಯಾಮೆರಾ ಹಿಡಿದರು ಎಂಬುದನ್ನು ನಮ್ಮ ತರುಣರು ಏಕೆ ಮರೆಯುತ್ತಾರೆ?

ವರ್ತಕ ಬಂಧುಗಳಿಗೆ ಇನ್ನೊಂದು ಮಾತು. ಶ್ವೇತಾಂಬರ ಪರಂಪರೆ ತ್ಯಜಿಸಲು ಹೇಳುವ ಹದಿನೈದು ಕರ್ಮಾದಾನಗಳಲ್ಲಿ ವಿಷವಾಣಿಜ್ಯವೂ ಒಂದು. ಆಚಾರ್ಯ ಹೇಮಚಂದ್ರರು ವಿಷದೊಡನೆ ಶಸ್ತ್ರದ ಮಾರಾಟವನ್ನೂ ಅದರಲ್ಲಿಯೇ ಸೇರಿಸಿದ್ದಾರೆ. ಬಂದೂಕು ಮಾರುವವರು ನಮ್ಮಲ್ಲಿ ವಿರಳ. ಆದರೆ ವಾಹನದ ಕ್ಲಚ್ ತಂತಿ ಉರುಳಾಗಿ ಕಾಡಂಚಿನಲ್ಲಿ ಜಿಂಕೆಯ ಕುತ್ತಿಗೆಯನ್ನು ಬಿಗಿಯುತ್ತದೆ. ಸುರುಳಿಗಟ್ಟಲೆ ಕೊಳ್ಳುವವನು ಏತಕ್ಕೆ ಕೊಳ್ಳುತ್ತಾನೆಂದು ಕೇಳುವುದು ಅಂಗಡಿಯವನ ಧರ್ಮವಲ್ಲವೇ?

ರೈತನ ನಷ್ಟ ಯಾರ ಲೆಕ್ಕಕ್ಕೆ?

ಈಗ ಪ್ರತಿವಾದಿಯ ಬಲವಾದ ಮಾತಿಗೆ ಬರುತ್ತೇನೆ. "ನಾಲ್ಕು ತಿಂಗಳು ಬೆವರು ಸುರಿಸಿ ಬೆಳೆದ ನೆಲಗಡಲೆಯನ್ನು ಹಂದಿಗಳು ಒಂದೇ ರಾತ್ರಿಯಲ್ಲಿ ಉತ್ತು ಹಾಕುತ್ತವೆ. ಕಮರ್ಷಿಯಲ್ ಸ್ಟ್ರೀಟಿನ ಗಾದಿಯ ಮೇಲೆ ಕುಳಿತವನಿಗೆ ಅಹಿಂಸೆಯ ಉಪದೇಶ ಸುಲಭ" ಎಂದು ಅವರು ಹೇಳುತ್ತಾರೆ. ಈ ಮಾತು ನಿಜ. ಇದಕ್ಕೆ ಉತ್ತರ ಕೊಡದ ಅಹಿಂಸೆ ಬಾಯಿಮಾತು.

ನಮ್ಮ ಶಾಸ್ತ್ರ ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ಕಂಡಿದೆ. ಮೊದಲನೆಯದು ಸಂಪೂರ್ಣ ತ್ಯಾಜ್ಯ. ಉಳಿದವನ್ನು ಶಕ್ತಿಮೀರಿ ತಗ್ಗಿಸಬೇಕು. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ರಣರಂಗದಲ್ಲಿ ಕಾದಿದವನು. ಜೈನಧರ್ಮ ಅವನನ್ನು ಹೊರಗಿಡಲಿಲ್ಲ. ಮೇಲೆರಗಿದ ಪ್ರಾಣಿಯಿಂದ ತನ್ನನ್ನು ಕಾಪಾಡಿಕೊಂಡ ರೈತನನ್ನೂ ನಾನು ನಿಂದಿಸುವುದಿಲ್ಲ. ಆದರೆ ನಗರದಲ್ಲಿ ಕುಳಿತು ತಿಂಗಳುಗಟ್ಟಲೆ ಮಾದರಿಗಳನ್ನು ಹೋಲಿಸಿ, ರೈಫಲ್ ಕೊಂಡು, ಶನಿವಾರ ತೋಟಕ್ಕೆ ಹೋಗಿ ಕಾದು ಕೂರುವುದು ವಿರೋಧೀ ಹಿಂಸೆಯಲ್ಲ. ಅದು ಸಂಕಲ್ಪೀ ಹಿಂಸೆ. ಸಪ್ತವ್ಯಸನಗಳಲ್ಲಿ ಎಣಿಸಿದ ಬೇಟೆ. ಅದನ್ನು ಬೆಳೆ ರಕ್ಷಣೆಯ ಖಾತೆಗೆ ಬರೆಯುವುದು ಸುಳ್ಳು ಲೆಕ್ಕ.

ಹಾಗಾದರೆ ರೈತನ ನಷ್ಟವನ್ನು ಯಾವ ಖಾತೆಗೆ ಬರೆಯಬೇಕು? ನಮ್ಮ ಖಾತೆಗೆ. ರಸೆಲ್ ಮಾರ್ಕೆಟ್ಟಿಗೂ ಕೆ.ಆರ್. ಪುರದ ಸಂತೆಗೂ ಬರುವ ತರಕಾರಿಯನ್ನು ಉಣ್ಣುವವರು ನಾವು. ಜಿಂಕೆ ಉಳಿಯಲಿ ಎನ್ನುವವರೂ ನಾವು. ಉಳಿಸುವ ವೆಚ್ಚವನ್ನು ಮಾತ್ರ ಎರಡೆಕರೆಯ ಒಡೆಯ ಒಬ್ಬನೇ ಹೊರಬೇಕೆಂದರೆ ಅದು ಧರ್ಮವೂ ಅಲ್ಲ, ವ್ಯಾಪಾರನೀತಿಯೂ ಅಲ್ಲ.

ದಾರಿಗಳು ಇವೆ. ಸೌರಬೇಲಿಯಲ್ಲಿ ಬ್ಯಾಟರಿಯಿಂದ ಹೊರಡುವ ವಿದ್ಯುತ್ತು ಸುಮಾರು ಸೆಕೆಂಡಿಗೊಮ್ಮೆ, ಕಣ್ಣೆವೆ ಬಡಿಯುವುದಕ್ಕಿಂತ ಕಡಿಮೆ ಹೊತ್ತು ಮಿಡಿಯುತ್ತದೆ. ಪ್ರಾಣಿ ಬೆಚ್ಚುತ್ತದೆ, ಸಾಯುವುದಿಲ್ಲ. ಕಂಬದ ತಂತಿಯಿಂದ ನೇರವಾಗಿ ಕರೆಂಟು ಹರಿಸುವುದು ಇದಲ್ಲ. ಅದು ಕೊಲೆ, ಅಪರಾಧ ಕೂಡ. ಹಂದಿಗಾಗಿ ಕೆಳಗಿನ ತಂತಿ ನೆಲದಿಂದ ಗೇಣಿಗಿಂತ ಎತ್ತರವಿರಬಾರದು. ಜಿಂಕೆ ಹಾರುವುದರಿಂದ ಬೇಲಿ ಆಳೆತ್ತರವನ್ನು ಮೀರಬೇಕು. ಹುಲ್ಲು ತಗುಲಿದರೆ ವಿದ್ಯುತ್ತು ನೆಲಕ್ಕಿಳಿದು ಬೇಲಿ ನಿಷ್ಪ್ರಯೋಜಕವಾಗುವುದರಿಂದ ಆಗಾಗ ಕಳೆ ಕೀಳಿಸಬೇಕು. ಬೇಲಿಗಳು ವಿಫಲವಾಗುವುದು ಬಹುತೇಕ ಈ ಆರೈಕೆಯ ಕೊರತೆಯಿಂದ. ಆರೈಕೆಗೆ ಕೂಲಿ ಬೇಕು, ಕೂಲಿಗೆ ಹಣ ಬೇಕು. ಸರ್ಕಾರ ಬೆಳೆನಷ್ಟಕ್ಕೆ ಪರಿಹಾರ ಕೊಡುತ್ತದೆ. ಆದರೆ ಅರ್ಜಿ ಬರೆದು, ಚಿತ್ರ ಲಗತ್ತಿಸಿ, ಅರಣ್ಯ ಇಲಾಖೆಯ ಕಚೇರಿಗೆ ಓಡಾಡುವ ವ್ಯವಧಾನ ಬಡ ರೈತನಿಗೆ ಇರುವುದಿಲ್ಲ. ಲೆಕ್ಕಪತ್ರ ಬರೆಯುವುದರಲ್ಲಿ ನುರಿತ ನಮ್ಮ ತರುಣರಿಗೆ ಇದಕ್ಕಿಂತ ಒಳ್ಳೆಯ ಸೇವೆ ಯಾವುದು?

ಪರ್ಯುಷಣ, ದಶಲಕ್ಷಣ ಪರ್ವಗಳಲ್ಲಿ ನಾವು ಜೀವದಯೆಯ ಹೆಸರಿನಲ್ಲಿ ಉದಾರವಾಗಿ ಕೊಡುತ್ತೇವೆ. ಅದು ಗೋಶಾಲೆಗೂ ಪಾರಿವಾಳದ ಕಾಳಿಗೂ ಹೋಗುತ್ತದೆ, ಹೋಗಲಿ. ಅದರಲ್ಲಿ ಒಂದು ಪಾಲು ಕಾಡಂಚಿನ ಹೊಲದ ಬೇಲಿಗೆ ಹೋಗಲೆಂಬುದು ನನ್ನ ಬೇಡಿಕೆ. ರೈಫಲ್, ದೂರದರ್ಶಕ, ತೋಟೆಗಳಿಗೆಂದು ಹಣ ತೆಗೆದಿಟ್ಟಿರುವ ತರುಣರು ಮೊದಲ ದಾನಿಗಳಾಗಲಿ. ತಮ್ಮ ತೋಟದ ಪಕ್ಕದ ಬಡವನ ಹೊಲಕ್ಕೆ ಬೇಲಿ ಹಾಕಿಸಿಕೊಡಲಿ. ಯಾವ ರೈಫಲ್ ಎಂದು ಮುಂದೆ ಯಾರಾದರೂ ಕೇಳಿದರೆ ಹಿರಿಯರು ನಗದೆ, ಸಲಹೆಯನ್ನೂ ಕೊಡದೆ, "ನಿನ್ನ ನೆರೆಯವನ ಬೇಲಿಗೆ ಎಷ್ಟು ಕೊಟ್ಟೆ?" ಎಂದು ಮರುಪ್ರಶ್ನೆ ಹಾಕಲಿ.