ಹಳೆಯ ಗಣಕಕ್ಕೊಂದು ಪಾಲುಪಾರಿಖತ್ತು

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಈಚಿನ ಪೀಳಿಗೆಯ ಪ್ರೊಸೆಸರೂ ಇರಬೇಕು. ಹೀಗಾಗಿ ಮುರುಗಮಲ್ಲದಂತಹ ಊರುಗಳಲ್ಲಿ ಚೆನ್ನಾಗಿಯೇ ನಡೆಯುತ್ತಿದ್ದ ಗಣಕಯಂತ್ರಗಳು ಒಂದೇ ದಿನದಲ್ಲಿ ಮುದಿಯಾದವು. ಗುಜರಿಗೆ ಹೋದ ಯಂತ್ರದೊಳಗೆ ಸೀಸವಿದೆ, ಹಳೆಯ ಪರದೆಗಳಲ್ಲಿ ಪಾದರಸವಿದೆ. ತಾಮ್ರಕ್ಕಾಗಿ ತಂತಿ ಸುಟ್ಟ ಹೊಗೆ ಯಾರದೋ ಮಕ್ಕಳ ಶ್ವಾಸಕೋಶವನ್ನು ಸೇರುತ್ತದೆ. ಕೆಡದ ವಸ್ತುವನ್ನು ಎಸೆಯುವುದು ಕೃಷಿಕರ ಪದ್ಧತಿಯಲ್ಲ.

ಲಿನಕ್ಸ್ ಹಾಕಿಕೊಳ್ಳಿ ಎಂಬುದು ಸುಲಭದ ಉತ್ತರ. ಆದರೆ ವಿಂಡೋಸನ್ನು ಪೂರ್ತಿ ಅಳಿಸಿಬಿಡಿ ಎನ್ನುವ ಸ್ವತಂತ್ರ ತಂತ್ರಾಂಶದ ಗೆಳೆಯರ ಮಾತನ್ನು ನಾನು ಒಪ್ಪಲಾರೆ. ನಮ್ಮ ಸಂಘಗಳ ಹಳೆಯ ನಡಾವಳಿಗಳೆಲ್ಲ ಯೂನಿಕೋಡ್ ಬರುವ ಮುನ್ನಿನ ನುಡಿ ಅಕ್ಷರಗಳಲ್ಲಿವೆ. ಅವನ್ನು ತೆರೆದು ತಿದ್ದಲು ವಿಂಡೋಸೇ ಅನುಕೂಲ. ಆದ್ದರಿಂದ ಒಂದೇ ಡಿಸ್ಕಿನಲ್ಲಿ ಎರಡಕ್ಕೂ ಪಾಲು ಮಾಡಿಕೊಡುವುದೇ ವಿವೇಕ. ವಿಂಡೋಸನ್ನು ಅಂತರಜಾಲದಿಂದ ದೂರವಿಟ್ಟು ಹಳೆಯ ಕಡತಗಳಿಗಷ್ಟೇ ಬಳಸಬೇಕು. ಜಾಲದ ಕೆಲಸವೆಲ್ಲ ಲಿನಕ್ಸಿನಲ್ಲಿ ಆಗಬೇಕು.

ಪಾಲು ಎಂದೊಡನೆ ನನ್ನದೇ ತಪ್ಪನ್ನು ಹೇಳಿಬಿಡಬೇಕು. ಕೆಲವು ವರ್ಷಗಳ ಹಿಂದೆ ಲಿನಕ್ಸ್ ಅಳವಡಿಸುವಾಗ, ಇಡೀ ಡಿಸ್ಕನ್ನು ಅಳಿಸುವ ಆಯ್ಕೆಯನ್ನು ಓದದೆ ಒತ್ತಿದೆ. ಆರು ವರ್ಷಗಳ ಮಳೆಯ ದಾಖಲೆ ಹೋಯಿತು. ಕಾಗದದ ಪುಸ್ತಕದಲ್ಲಿದ್ದ ಎರಡು ವರ್ಷಗಳ ಲೆಕ್ಕ ಮಾತ್ರ ಉಳಿಯಿತು. ನನ್ನ ಡಾಕ್ಟರೇಟ್ ಪದವಿ ಅಂದು ಯಾವ ನೆರವಿಗೂ ಬರಲಿಲ್ಲ. ಹಾಗಾಗಿ ಮೊದಲು ಎಲ್ಲ ಕಡತಗಳ ಪ್ರತಿಯನ್ನು ಬೇರೊಂದು ಡಿಸ್ಕಿಗೆ ತೆಗೆದಿಡಿ; ಅದನ್ನು ತೆರೆದು ನೋಡಿದ ಬಳಿಕವೇ ಮುಂದಿನ ಕೆಲಸ.

ಪಾಲು ಮಾಡುವ ಬಗೆ ನಮಗೆ ಹೊಸದಲ್ಲ. ವಿಂಡೋಸಿನ ಜಾಗವನ್ನು ವಿಂಡೋಸಿನದೇ ಡಿಸ್ಕ್ ನಿರ್ವಹಣೆಯ ಸಾಧನದಿಂದ ಕುಗ್ಗಿಸಬೇಕು. ಹೊರಗಿನವರು ಬಂದು ಬದು ಸರಿಸುವುದಕ್ಕಿಂತ ಇದು ಕ್ಷೇಮ. 250 ಜಿಬಿ ಡಿಸ್ಕಿದ್ದರೆ ವಿಂಡೋಸಿಗೆ 100, ಲಿನಕ್ಸಿಗೆ 50, ಉಳಿದದ್ದು ಇಬ್ಬರಿಗೂ ಸೇರಿದ ಎನ್‌ಟಿಎಫ್‌ಎಸ್ ವಿಭಾಗ. ಅಣ್ಣತಮ್ಮಂದಿರು ಹೊಲ ಹಂಚಿಕೊಂಡರೂ ಬಾವಿಯನ್ನು ಜಂಟಿಯಾಗಿ ಉಳಿಸಿಕೊಳ್ಳುತ್ತಾರಲ್ಲವೇ, ಹಾಗೆ. ಆದರೆ ವಿಂಡೋಸಿನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಎಂಬ ಸೌಲಭ್ಯವಿದೆ: ಯಂತ್ರ ಪೂರ್ತಿ ಆರದೆ ಅರೆನಿದ್ದೆಯಲ್ಲಿ ಉಳಿಯುತ್ತದೆ. ಆಗ ಜಂಟಿ ವಿಭಾಗದಲ್ಲಿ ಬರೆಯಲು ಲಿನಕ್ಸಿಗೆ ಆಗದು. ಒಬ್ಬನು ಪಂಪ್‌ಸೆಟ್ಟಿನ ಬೀಗದ ಕೈಯನ್ನು ಜೇಬಿಗಿಟ್ಟು ಮಲಗಿದಂತೆ! ಅದನ್ನು ಮೊದಲೇ ನಿಲ್ಲಿಸಿ. ಬಿಟ್‌ಲಾಕರ್ ಇದ್ದರೆ ಅದರ ಮರುಪ್ರಾಪ್ತಿ ಕೀಲಿಯನ್ನು ಬರೆದಿಟ್ಟುಕೊಳ್ಳಿ. ಹಳೆಯ ಎಂಬಿಆರ್ ಮಾದರಿಯ ಡಿಸ್ಕಿನಲ್ಲಿ ಪ್ರಾಥಮಿಕ ವಿಭಾಗಗಳು ನಾಲ್ಕಕ್ಕಿಂತ ಹೆಚ್ಚು ಸಲ್ಲವು ಎಂಬುದೂ ನೆನಪಿರಲಿ. ಲಿನಕ್ಸ್ ಬಂದ ಮೇಲೆ ಗ್ರಬ್ ಎಂಬ ತಂತ್ರಾಂಶವು ಯಂತ್ರ ಆರಂಭವಾದಾಗಲೆಲ್ಲ ಬಾಗಿಲಲ್ಲಿ ನಿಂತು, ಯಾವ ಮನೆಗೆ ಎಂದು ಕೇಳುತ್ತದೆ.

ಹಳ್ಳಿಯ ಮಕ್ಕಳಿಗೆ ಲಿನಕ್ಸ್ ಕಷ್ಟವೆಂದು ಹೇಳುವವರು ಕಾಸರಗೋಡಿನತ್ತ ನೋಡಲಿ. 2001ರಲ್ಲಿ ಆರಂಭವಾದ ಕೇರಳದ ಐಟಿ@ಸ್ಕೂಲ್ ಯೋಜನೆ ಮುಂದೆ ಶಾಲೆಗಳನ್ನು ಲಿನಕ್ಸಿಗೆ ತಂದಿತು. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಕಲಿತರು. ಇನ್ನು ಟೈಪಿಂಗ್: ಕೆ.ಪಿ. ರಾವ್ ಅವರು ರೂಪಿಸಿದ, ನುಡಿಯಿಂದ ನಮಗೆ ಅಭ್ಯಾಸವಾದ ಕೀಲಿಮಣೆ ವಿನ್ಯಾಸವು ಲಿನಕ್ಸಿನಲ್ಲಿ ‘ಕಗಪ’ ಎಂಬ ಹೆಸರಿನಿಂದಲೇ ದೊರೆಯುತ್ತದೆ. ಬೆರಳುಗಳು ಹೊಸದಾಗಿ ಏನನ್ನೂ ಕಲಿಯಬೇಕಿಲ್ಲ.

ಒಂದು ಸಣ್ಣ ತೊಡಕು ಉಳಿದಿದೆ. ಯಂತ್ರದೊಳಗಿನ ಗಡಿಯಾರವನ್ನು ವಿಂಡೋಸ್ ನಮ್ಮ ಸಮಯವೆಂದೂ ಲಿನಕ್ಸ್ ಗ್ರೀನಿಚ್ ಸಮಯವೆಂದೂ ಭಾವಿಸುತ್ತವೆ. ಜಾಲಸಂಪರ್ಕವಿಲ್ಲದ ವಿಂಡೋಸಿಗೆ ಮರಳಿದಾಗ ಗಡಿಯಾರ ಐದೂವರೆ ಗಂಟೆ ಹಿಂದಿರುತ್ತದೆ. ಬೆಳಗಿನ 8.30ರ ಮಳೆಯ ಅಳತೆಯನ್ನು ನನ್ನ ಯಂತ್ರ ಒಂದು ವಾರ ನಸುಕಿನ 3 ಗಂಟೆಯದೆಂದು ದಾಖಲಿಸಿಕೊಂಡಿತ್ತು. ಸ್ಥಳೀಯ ಸಮಯವನ್ನೇ ಬಳಸೆಂದು ಲಿನಕ್ಸಿಗೆ ಒಂದು ಸಾಲಿನ ಆದೇಶ ಕೊಟ್ಟ ಮೇಲೆ ಸರಿಹೋಯಿತು.