ಗುರುವೋ, ಶಿಷ್ಯರೋ?

ಫಲಿತಾಂಶ ಕೆಟ್ಟಾಗ ಅಧ್ಯಾಪಕರು ಹುಡುಗರನ್ನೂ ಹುಡುಗರು ಅಧ್ಯಾಪಕರನ್ನೂ ದೂರುವುದನ್ನು ಬಹಳ ಕಂಡಿದ್ದೇನೆ. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲಿನಲ್ಲಿಯೂ ಇದೇ ವ್ಯಾಜ್ಯ.

ಕೆಂಟಕಿ ವಿಶ್ವವಿದ್ಯಾನಿಲಯದ ತಂಡ 2020-21ರಲ್ಲಿ 9 ಪಂದ್ಯ ಗೆದ್ದು 16ರಲ್ಲಿ ಸೋತಿತು. ತರಬೇತುದಾರ ಜಾನ್ ಕ್ಯಾಲಿಪಾರಿ ಸಾಮಾನ್ಯರಲ್ಲ. 2012ರಲ್ಲಿ ಅದೇ ತಂಡಕ್ಕೆ ರಾಷ್ಟ್ರೀಯ ಪ್ರಶಸ್ತಿ ತಂದವರು. ಅದು ಸಾಂಕ್ರಾಮಿಕದ ವರ್ಷವೆಂದು ಕ್ಷಮಿಸೋಣ. ಆದರೆ 2024ರ ಮಾರ್ಚಿನಲ್ಲಿ, ರಾಷ್ಟ್ರೀಯ ಪಂದ್ಯಾವಳಿಯ ಮೊದಲ ಸುತ್ತಿನಲ್ಲಿಯೇ, ಓಕ್ಲೆಂಡ್ ಎಂಬ ಹೆಸರಿಲ್ಲದ ತಂಡ ಕೆಂಟಕಿಯನ್ನು 80-76ರಿಂದ ಮಣಿಸಿತು. ಓಕ್ಲೆಂಡಿನ ಜ್ಯಾಕ್ ಗೋಲ್ಕಿ, ಬೇರೊಂದು ಕಾಲೇಜಿನಲ್ಲಿ ಪದವಿ ಮುಗಿಸಿ ಬಂದವನು, ದೂರದಿಂದ 10 ಬಾರಿ ಮೂರಂಕದ ಬುಟ್ಟಿ ಹಾಕಿದನು. ಸೋತ ತಂಡದ ರೀಡ್ ಶೆಪರ್ಡ್, ರಾಬ್ ಡಿಲಿಂಗ್‌ಹ್ಯಾಮ್ ಇಬ್ಬರನ್ನೂ ಕೆಲವೇ ತಿಂಗಳಲ್ಲಿ ವೃತ್ತಿಪರ ಲೀಗು 3ನೆಯ, 8ನೆಯ ಸ್ಥಾನದಲ್ಲಿ ಆರಿಸಿಕೊಂಡಿತು. ಪ್ರತಿಭೆಯ ಕೊರತೆಯೆಂಬ ವಾದ ಅಲ್ಲಿಗೇ ಬಿದ್ದುಹೋಗುತ್ತದೆ.

ಹಾಗಾದರೆ ಕಲಿಸಿದವರ ತಪ್ಪೇ? ಅಷ್ಟು ಸುಲಭವಾಗಿ ನಾನು ಒಪ್ಪಲಾರೆ. ಆಯ್ಕೆಯ ವರ್ಷದೊಳಗೆ ಹತ್ತೊಂಬತ್ತು ತುಂಬದವರಿಗೆ ವೃತ್ತಿಪರ ಲೀಗಿಗೆ ಪ್ರವೇಶವಿಲ್ಲ. ಆದುದರಿಂದ ಪ್ರತಿಭಾವಂತರು ಕಾಲೇಜಿನಲ್ಲಿ ಒಂದೇ ವರ್ಷ ನಿಂತು ಹೊರಡುತ್ತಾರೆ. ಒಬ್ಬರ ಕೈಗುಣ ಇನ್ನೊಬ್ಬರಿಗೆ ತಿಳಿಯುವ ಹೊತ್ತಿಗೆ ಋತು ಮುಗಿದಿರುತ್ತದೆ. ಯಾವ ಗುರುವಿಗಾದರೂ ಇದು ಸಾಲದ ಕಾಲ. ಆದರೆ ಇಂಥ ಹುಡುಗರನ್ನೇ ಹುಡುಕಿ, ಒಲಿಸಿ, ತಂದವರು ಯಾರು? ಕ್ಯಾಲಿಪಾರಿಯವರೇ. ಕಾಲೇಜು ಆಟದಲ್ಲಿ ಶಿಷ್ಯರ ಆಯ್ಕೆಯೂ ಗುರುವಿನ ಕೆಲಸವೆಂಬುದನ್ನು ವಾದಿಗಳಿಬ್ಬರೂ ಮರೆತಂತಿದೆ.

ಆ ಏಪ್ರಿಲಿನಲ್ಲಿ ಅವರು ಅರ್ಕನ್ಸಾಸಿಗೆ ಹೊರಟರು. ಸೋತ ಹುಡುಗರಲ್ಲಿ ಮೂವರು ಅವರ ಹಿಂದೆಯೇ ಹೋದರು.